ದೇವರ ಗೂಡಿನಲ್ಲಿದ್ದ ವಾಲ್ವು

ನಮ್ಮ ಮನೆಯಲ್ಲಿ ಗಂಟೆಗೆ ಮುಂಚೆ ಯಾರೂ ಏಳುತ್ತಿರಲಿಲ್ಲ, ಗಂಟೆಯಾದ ಮೇಲೆ ಯಾರೂ ಮಲಗಿರುತ್ತಿರಲಿಲ್ಲ. ಗಂಟೆಯೆಂದರೆ ರೈಲುಹಳಿಯ ಒಂದು ತುಂಡು. ಕಾಫಿ ಸ್ಟೋರಿನ ತೊಲೆಗೆ ಸರಪಣಿ ಹಾಕಿ ತೂಗುಬಿಟ್ಟಿದ್ದರು. ಅದು ಲೈನುಮನೆಗಳಲ್ಲಿದ್ದ ತೋಟದ ಆಳುಗಳನ್ನು ಕೆಲಸಕ್ಕೆ ಕರೆಯಲು ಇದ್ದದ್ದು. ಆದರೆ ಅಜ್ಜಯ್ಯ ಅದನ್ನು ಬಡಿದಾಗ ಆಳುಗಳಿಗಿಂತ ಮೊದಲು ನಾವು ಅಂಗಳದಲ್ಲಿರಬೇಕಿತ್ತು. ಆನೇಮಹಲ್‌ನಲ್ಲಿ ಹೆದ್ದಾರಿಯ ಬದಿಗಿದ್ದ ಮನೆ ಅದು. ಮುಂದೆ ಕಾಫಿ ಒಣಗಿಸುವ ಕಣ, ಕಣದಾಚೆ ರಸ್ತೆ, ರಸ್ತೆಯ ಮೇಲೆ ಮಂಗಳೂರಿನ ಕಡೆ ಇಳಿಯುವ ಲಾರಿಗಳು. ಲಾರಿಯವರು ಯಾವ ಹೊತ್ತಿನಲ್ಲಾದರೂ ಹಾರನ್ ಹೊಡೆಯಬಹುದಿತ್ತು. ನಮಗೆ ಮಾತ್ರ ಎಲ್ಲಕ್ಕೂ ಒಂದು ಹೊತ್ತಿತ್ತು. ಮುಖ ತೊಳೆದು ವಿಭೂತಿ ಹಚ್ಚಿಕೊಂಡವರಿಗೆ ಬೆಲ್ಲದ ಕಾಫಿ. ಅಂಗಳ ಗುಡಿಸಿದ ಮೇಲೆ ಅಕ್ಕಿರೊಟ್ಟಿ. ತಡವಾಗಿ ಬಂದವರಿಗೆ ತಣ್ಣನೆಯ ರೊಟ್ಟಿ. ಅವ್ವ ಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ಆ ಹೊತ್ತಿಗೆ ಒಲೆ ಆರಿರುತ್ತಿತ್ತು. ಇದನ್ನೆಲ್ಲ ನಾನು ದೂರುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುವ, ಬೆಸೆಯುವ ಕೆಲಸ ಮಾಡಿ, ಒಮ್ಮೆಯೂ ತಡವಾಗಿ ಬಂದವಳು ಎನಿಸಿಕೊಳ್ಳದೆ ನಿವೃತ್ತಳಾದೆ. ಈಗಲೂ ಸಕಲೇಶಪುರದ ನನ್ನ ಮನೆಯಲ್ಲಿ ಹಾಸಿಗೆಯ ಬಿಸಿ ಆರುವ ಮೊದಲೇ ಹೊದಿಕೆ ಮಡಿಸಿರುತ್ತೇನೆ. ಆ ಮನೆ ನನಗೆ ಶಿಸ್ತು ಕೊಟ್ಟಿತು. ಅದರ ಜೊತೆಗೇ ನಾಚಿಕೆಯನ್ನೂ ಕೊಟ್ಟಿತು. ಎರಡರಲ್ಲಿ ಯಾವುದು ಹೆಚ್ಚು ಬಾಳಿಕೆ ಬಂತೆಂದು ಕೇಳಿದರೆ, ನಾಚಿಕೆಯೇ ಎನ್ನಬೇಕು.

ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂರಬೇಕಿತ್ತು. ಅಜ್ಜಯ್ಯ ಗೋಡೆಗೊರಗಿ, ಒಂದು ಕಾಲು ಮಡಿಸಿ, ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಇವತ್ತೇನು ಮಾಡ್ದೆ? ಅಪ್ಪ ತೋಟದ ಕೆಲಸ ಹೇಳುತ್ತಿದ್ದ. ಎಲ್ಲಿ ಕಾಫಿ ಗಿಡದ ಬೇಡದ ಚಿಗುರು, ಎಂದರೆ ಕಸಿ, ತೆಗೆಸಿದ್ದು, ಎಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಬಾಕಿ ಇರುವುದು. ಅವ್ವ ಒಳಗಿನಿಂದಲೇ ಹೇಳುತ್ತಿದ್ದಳು. ನಾವು ಮಕ್ಕಳು ಮಗ್ಗಿ ಎಲ್ಲಿಯವರೆಗೆ ಬಂತೆಂದು ಹೇಳಿದರೆ ಸಾಕಿತ್ತು. ಹೇಳಿದ್ದು ಕಣ್ಣಿಗೆ ಕಾಣುವಂಥದ್ದಾಗಿರಬೇಕು, ಅದೊಂದೇ ನಿಯಮ. ಗುಡಿಸಿದ್ದರೆ ಅಂಗಳ ಕಾಣಬೇಕು, ಕಲಿತಿದ್ದರೆ ಬಾಯಿಯಿಂದ ಬರಬೇಕು. ಆ ಸಾಲಿನಲ್ಲಿ ಕೊನೆಗೆ ಕೂರುತ್ತಿದ್ದವನು ಚಿಕ್ಕಪ್ಪ ಮಲ್ಲೇಶ, ಅಜ್ಜಯ್ಯನವರ ಕಿರಿಯ ಮಗ. ಅವನ ಸರದಿ ಬಂದಾಗ ನನಗೆ ಎದ್ದು ಒಳಗೆ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಏಕೆಂದರೆ ಅವನು ಹೇಳುತ್ತಿದ್ದದ್ದು ಯಾವಾಗಲೂ ಒಂದೇ.

"ಪ್ಲಾನ್ ಮಾಡ್ತಿದ್ದೆ ಅಪ್ಪಯ್ಯ."

ಅವನು ಪ್ಲಾನ್ ಮಾಡುತ್ತಿದ್ದದ್ದು ಒಂದು ಆ್ಯಂಪ್ಲಿಫೈಯರ್. ಊರು ಬಿಟ್ಟು ಹೊರಟ ಒಬ್ಬ ಎಸ್ಟೇಟ್ ಮ್ಯಾನೇಜರು ಅವನಿಗೆ ಒಂದು ಗಿಟಾರು ಕೊಟ್ಟು ಹೋಗಿದ್ದರು. ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತ ನುಡಿಸುವಂಥದ್ದು. ಆದರೆ ಅದಕ್ಕೆ ಹೊಟ್ಟೆ ಟೊಳ್ಳಿರಲಿಲ್ಲ. ಗಟ್ಟಿ ಮರದ ಹಲಗೆ, ಅದರೊಳಗೆ ಒಂದು ಅಯಸ್ಕಾಂತದ ತುಂಡು. ಕರೆಂಟಿನ ಪೆಟ್ಟಿಗೆಗೆ ಜೋಡಿಸದೆ ಹೋದರೆ ಸೊಳ್ಳೆಯಷ್ಟೇ ಸದ್ದು. ಆ ಪೆಟ್ಟಿಗೆಯನ್ನು ಮ್ಯಾನೇಜರು ತಮ್ಮ ಜೊತೆ ಒಯ್ದಿದ್ದರು. ಹಾಗಾಗಿ ಚಿಕ್ಕಪ್ಪ ನುಡಿಸುವಾಗ ನಾನು ಗಿಟಾರಿನ ತುದಿಗೆ ಕಿವಿ ಒತ್ತಿ ಕೂರುತ್ತಿದ್ದೆ. ಮರದ ಒಳಗಿಂದ ಬರುವ ಆ ನಾದ ಇಡೀ ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಕೇಳುತ್ತಿತ್ತು. ನೋಡುವವರಿಗೆ, ಕೆಲಸವಿಲ್ಲದ ಗಂಡಸೊಬ್ಬ ಹಲಗೆಯ ಮೇಲೆ ಕೈಯಾಡಿಸುತ್ತಿದ್ದಾನೆ, ಹುಡುಗಿಯೊಬ್ಬಳು ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾಳೆ.

ಸ್ಟೋರಿನ ಮೂಲೆಯಲ್ಲಿ, ಕಾಫಿ ಬೀಜ ಆರಿಸುವ ಮೇಜನ್ನು ಅವನು ಹಿಡಿದಿದ್ದ. ಮೇಜಿನ ವಿಷಯಕ್ಕೆ ಮನೆಯಲ್ಲಿ ಜಗಳವಾಗದ ವಾರವಿರಲಿಲ್ಲ. ಹಳೆ ರೇಡಿಯೋಗಳ ಹೊಟ್ಟೆ ಬಗೆದು ತಂದ, ಬಲ್ಬಿನಂತೆ ಕಾದು ಸದ್ದು ಹಿಗ್ಗಿಸುವ ಗಾಜಿನ ವಾಲ್ವುಗಳು, ಟ್ರಾನ್ಸ್‌ಫಾರ್ಮರು, ಅಲ್ಯುಮಿನಿಯಂ ತಗಡು ಅದರ ಮೇಲೆ ಹರಡಿಕೊಂಡಿರುತ್ತಿದ್ದವು. ತಗಡಿಗೆ ತೂತು ಕೊರೆಯುವ ಮೊದಲು ಅವನು ತೂತು ಎಲ್ಲಿ ಬರಬೇಕೆಂದು ಕಾಗದದ ಮೇಲೆ ಬರೆಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಟ್ರಾನ್ಸ್‌ಫಾರ್ಮರು ಈ ಕಡೆ ಇದ್ದರೆ ಗುಂಯ್ ಅನ್ನುತ್ತದೆ, ಆ ಕಡೆ ಇಟ್ಟರೆ ತಂತಿ ಉದ್ದವಾಗುತ್ತದೆ. ಕಾದ ವಾಲ್ವಿಗೆ ಗಾಳಿಯಾಡಬೇಕು, ಗಿಟಾರಿನ ತಂತಿ ಬರುವ ಬಾಯಿ ಅದರಿಂದ ದೂರವಿರಬೇಕು. ಒಂದು ತೂತು ತಪ್ಪಿದರೆ ತಗಡೇ ವ್ಯರ್ಥ, ಇನ್ನೊಂದು ತಗಡು ಸಿಗುವುದು ಸುಲಭವಿರಲಿಲ್ಲ. ಇದೆಲ್ಲ ಎಷ್ಟು ಸರಿ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿದ್ದದ್ದು ಇಷ್ಟೇ: ಎಲ್ಲರ ಮನೆಯ ಚಿಕ್ಕಪ್ಪಂದಿರು ತೋಟಕ್ಕೆ ಹೋಗುತ್ತಾರೆ, ನಮ್ಮವನು ಅಳಿಸುತ್ತಾನೆ. ಊರಿನಲ್ಲಿ ಅವನಿಗೆ ಪ್ಲಾನ್ ಮಲ್ಲೇಶ ಎಂದು ಹೆಸರಾಗಿತ್ತು. ಶಾಲೆಯಲ್ಲಿ ಲೆಕ್ಕ ಬಾರದೆ ನಿಂತರೆ ಮೇಷ್ಟ್ರು, ಏನಮ್ಮಾ ಗಿರಿಜಾ, ನೀನೂ ಪ್ಲಾನ್ ಮಾಡ್ತಿದ್ದೀಯೋ ಎಂದು ಕೇಳುತ್ತಿದ್ದರು. ತರಗತಿ ನಗುತ್ತಿತ್ತು. ನನ್ನ ಕಿವಿಗಳು ಬಿಸಿಯಾಗುತ್ತಿದ್ದವು. ಆ ಬಿಸಿ ಮನೆ ಮುಟ್ಟುವವರೆಗೂ ಇಳಿಯುತ್ತಿರಲಿಲ್ಲ.

ಆ ವರ್ಷ ದಸರಾ ಹತ್ತಿರ ಬಂದಾಗ ಒಂದು ಸಂಜೆ ಅಜ್ಜಯ್ಯ ಎಂದಿನಂತೆ ಕೇಳಿದರು, ಚಿಕ್ಕಪ್ಪ ಎಂದಿನಂತೆ ಹೇಳಿದ. ಅಜ್ಜಯ್ಯ ಮಡಿಸಿದ್ದ ಕಾಲನ್ನು ಚಾಚಿದರು. ಆಮೇಲೆ, ಹೆತ್ತೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ಖಾಲಿ ಇದೆಯೆಂದೂ ತಾವು ಮಾತಾಡಿರುವುದಾಗಿಯೂ ತಿಳಿಸಿದರು. ಆಳುಗಳ ಹಾಜರಿ ಬರೆಯುವ ಕೆಲಸ. ಚಿಕ್ಕಪ್ಪ ತಲೆ ತಗ್ಗಿಸಿಕೊಂಡೇ, ಪೆಟ್ಟಿಗೆ ಮುಗಿಯುತ್ತಾ ಬಂದಿದೆ, ಅದು ಮಾತಾಡಿದರೆ ತನಗೆ ಬೇರೆ ದಾರಿಯಿದೆ, ಗಿಟಾರು ನುಡಿಸುವವರನ್ನು ಹಾಸನದಲ್ಲಿ ವಾದ್ಯಗೋಷ್ಠಿಗಳಿಗೆ ಕರೆಯುತ್ತಾರೆ ಎಂದ.

"ಆಯುಧಪೂಜೆ ದಿನ ಎಲ್ಲಾರ ಮುಂದೆ ಮಾತಾಡಿಸು," ಎಂದರು ಅಜ್ಜಯ್ಯ. "ಮಾತಾಡುದ್ರೆ ಮೇಜು ನಿಂದು. ಇಲ್ದಿದ್ರೆ ಗಿಟಾರು ಅಟ್ಟಕ್ಕೆ, ನೀನು ಹೆತ್ತೂರಿಗೆ."

ಎಲ್ಲರ ಮುಂದೆ ಮಾತಾಡಿಸುವುದೆಂದರೆ ಏನೆಂದು ಹೇಳಬೇಕು. ಆಯುಧಪೂಜೆಯ ದಿನ ನಮ್ಮಲ್ಲಿ ಮನೆಯ ಎಲ್ಲ ಸಲಕರಣೆಗಳನ್ನು ತೊಳೆದು ಪಡಸಾಲೆಯಿಂದ ಅಂಗಳದವರೆಗೆ ಸಾಲಾಗಿ ಇಡುತ್ತಿದ್ದರು. ಕುಡುಗೋಲು, ಕತ್ತಿ, ತಕ್ಕಡಿ, ಕೋವಿ, ಅಪ್ಪನ ಸೈಕಲ್ಲು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇದ್ದಲ್ಲೇ ಇರುತ್ತಿತ್ತು. ಅಜ್ಜಿ ಒಂದೊಂದಕ್ಕೂ ತೀರ್ಥ ಚಿಮುಕಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಒಂದು ಚೆಂಡುಹೂವು ಇಡುತ್ತಿದ್ದಳು. ಅವಳ ಹಿಂದೆಯೇ ಒಂದೊಂದು ಆಯುಧವನ್ನೂ ಒಮ್ಮೆ ಆಡಿಸಬೇಕು. ಆಡದ ಆಯುಧಕ್ಕೆ ಪೂಜೆ ಮುಟ್ಟಿಲ್ಲವೆಂದು ಲೆಕ್ಕ. ಪಲ್ಪರ್ ಒಂದು ಸುತ್ತು ತಿರುಗುತ್ತಿತ್ತು, ಕೋವಿ ಗಾಳಿಗೆ ಒಂದು ಗುಂಡು ಹಾರಿಸುತ್ತಿತ್ತು, ಸೈಕಲ್ಲಿನ ಗಂಟೆಯೂ ಟ್ರಿಣ್ ಎನ್ನುತ್ತಿತ್ತು. ಇದಕ್ಕೆಂದೇ ನೆಂಟರು ಬರುತ್ತಿದ್ದರು. ಆ ವರ್ಷ ಆಲೂರಿನಿಂದ ಮಾವ, ಎಂದರೆ ಅಜ್ಜಯ್ಯನವರ ಅಳಿಯ, ಎರಡು ದಿನ ಮೊದಲೇ ಬಂದು ಕೂತಿದ್ದರು. ಪ್ಲಾನ್ ನೋಡಲು ಬಂದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಪೂಜೆಯ ದಿನ ಬೆಳಿಗ್ಗೆ ಎಲ್ಲರೂ ಪಲ್ಪರ್ ತೊಳೆಯಲು ಹೋಗಿದ್ದಾಗ ಚಿಕ್ಕಪ್ಪ ನನ್ನನ್ನು ಸ್ಟೋರಿಗೆ ಕರೆದ. ಪೆಟ್ಟಿಗೆ ಮುಗಿದಿತ್ತು. ಹಲಸಿನ ಮರದ ಹೊರಮೈ, ಮುಂದೆ ಬಟ್ಟೆ ಬಿಗಿದ ಸ್ಪೀಕರು, ಮೇಲೆ ತೆರೆದ ತಗಡಿನ ಮೇಲೆ ವಾಲ್ವುಗಳು. ಸ್ವಿಚ್ಚು ಹಾಕಿದ. ಏನೂ ಆಗಲಿಲ್ಲ. ನಾನು ಅವನ ಮುಖ ನೋಡಿದೆ. ಕಾಯಬೇಕು ಕಣೆ, ಅದಕ್ಕೂ ಮೈ ಬಿಸಿಯಾಗಬೇಕು ಎಂದ. ನಿಧಾನವಾಗಿ ಗಾಜಿನ ಒಳಗೆ ಕೆಂಡದ ಬಣ್ಣ ಮೂಡಿತು. ಆಮೇಲೆ ಅವನು ತಂತಿಯನ್ನು ಒಮ್ಮೆ, ಒಮ್ಮೆ ಮಾತ್ರ, ಮೀಟಿ ಉಕ್ಕಿನ ತುಂಡನ್ನು ಮೇಲಕ್ಕೆ ಜಾರಿಸಿದ. ಅಷ್ಟು ದಿನ ಮರದೊಳಗೆ ಕಿವಿಯಿಟ್ಟು ಕೇಳಿದ್ದ ನಾದ ಸ್ಟೋರಿನ ತುಂಬ ಎದ್ದು ನಿಂತಿತು. ಮೂಟೆಗಳ ಮೇಲಿನ ಧೂಳು ನಡುಗಿದಂತೆ ಕಂಡಿತು. ಅದು ಹೇಗಿತ್ತೆಂದು ಹೇಳಲು ಹೊರಟರೆ ಮಾತು ಸಾಲದು. ದಪ್ಪಗಿತ್ತು, ಬೆಚ್ಚಗಿತ್ತು, ಕೊನೆಯಲ್ಲಿ ಸ್ವಲ್ಪ ಒಡಕಿತ್ತು. ಅವನು ತಕ್ಷಣ ಆರಿಸಿದ. ಮಿಕ್ಕದ್ದು ಎಲ್ಲರ ಮುಂದೆ ಎಂದ.

ಅವನ ಪೆಟ್ಟಿಗೆಯನ್ನು ಸಾಲಿನ ಕೊನೆಗೆ ಇಟ್ಟರು. ಅಜ್ಜಿ ಪೂಜೆ ಮಾಡುತ್ತ ಬರುತ್ತಿದ್ದಳು, ಹಿಂದೆ ಕೋವಿ ಸಿಡಿಯಿತು, ಸೈಕಲ್ಲಿನ ಗಂಟೆ ಟ್ರಿಣ್ ಎಂದಿತು. ತನ್ನ ಸರದಿ ಬಂದಾಗ ಪೆಟ್ಟಿಗೆ ಬಿಸಿಯಾಗುವವರೆಗೆ ಅಜ್ಜಯ್ಯ ಕಾಯುವುದಿಲ್ಲವೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಯಾವುದಕ್ಕೂ ಯಾರೂ ಕಾಯುತ್ತಿರಲಿಲ್ಲ. ಹಾಗಾಗಿ ಅಜ್ಜಿ ತಕ್ಕಡಿಯ ಹತ್ತಿರ ಇರುವಾಗಲೇ ಅವನು ಸ್ವಿಚ್ಚು ಹಾಕಿದ್ದ. ಅವಳು ಬಂದು ನಿಲ್ಲುವ ಹೊತ್ತಿಗೆ ವಾಲ್ವುಗಳು ಚೆನ್ನಾಗಿ ಉರಿಯುತ್ತಿದ್ದವು. ಅಜ್ಜಿಗೆ ಅವು ದೀಪದಂತೆ ಕಂಡಿರಬೇಕು. ಮುಖವರಳಿಸಿ ನೋಡಿದಳು. ಮರದ ಮೇಲೆ ವಿಭೂತಿ ಎಳೆದಳು. ಚಿಕ್ಕಪ್ಪ, ಅವ್ವಾ, ಅಲ್ಲಲ್ಲ, ಎಂದು ಕೈ ಮುಂದೆ ಮಾಡುವಷ್ಟರಲ್ಲಿ ಬಕೆಟ್ಟಿನ ನೀರಿನಿಂದ ತೆಗೆದ ಚೆಂಡುಹೂವನ್ನು ಎಲ್ಲಕ್ಕಿಂತ ದೊಡ್ಡ ವಾಲ್ವಿನ ನೆತ್ತಿಯ ಮೇಲೆ ಇಟ್ಟುಬಿಟ್ಟಿದ್ದಳು. ಟಿಕ್ ಎಂದು ಸಣ್ಣ ಸದ್ದಾಯಿತು. ಗಾಜಿನ ಒಳಗೆ ನೆತ್ತಿಯ ಹತ್ತಿರ ಕನ್ನಡಿಯಂತೆ ಹೊಳೆಯುತ್ತಿದ್ದ ಬೆಳ್ಳಿಯ ಮಚ್ಚೆ ನಾವು ನೋಡುತ್ತಿದ್ದಂತೆಯೇ ಬೆಳ್ಳಗಾಯಿತು, ಹಾಲಿನಂತೆ, ಬೂದಿಯಂತೆ.

"ವಿಭೂತಿ," ಎಂದಳು ಅಜ್ಜಿ. "ನೋಡ್ರಪ್ಪಾ, ಒಳಗೇ ವಿಭೂತಿ ಬಂತು. ಸ್ವಾಮಿ ಒಪ್ಕಂಡ."

ಗಾಜು ಬಿರುಕು ಬಿಟ್ಟು ಒಳಗೆ ಗಾಳಿ ಹೋದರೆ ಆ ಮಚ್ಚೆ ಬೆಳ್ಳಗಾಗುತ್ತದೆ, ವಾಲ್ವು ಸತ್ತಿತೆಂದು ಅದರ ಅರ್ಥ. ಅದು ಗೊತ್ತಿದ್ದವನು ಅಲ್ಲಿ ಒಬ್ಬನೇ. ಮಿಕ್ಕವರೆಲ್ಲ ಕೈ ಮುಗಿದರು. ಆಲೂರಿನ ಮಾವ ಕೂಡ ಟವಲು ಹೆಗಲಿನಿಂದ ಇಳಿಸಿದರು. ಅಜ್ಜಯ್ಯ ಮಾತ್ರ, ಸರಿ, ಇನ್ನು ಮಾತಾಡಿಸು ಎಂದರು. ಚಿಕ್ಕಪ್ಪ ಕೂತ. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. ಬರುವುದಿಲ್ಲವೆಂದು ಗೊತ್ತಿದ್ದೂ ಅವನು ತಂತಿಯ ಮೇಲೆ ಕೈಯಾಡಿಸಿದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಕುಗ್ಗುತ್ತದೆ. ಸೊಳ್ಳೆಯ ಸದ್ದು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಬೆಳಿಗ್ಗೆ ಬಂದಿತ್ತು, ನಾನು ಕೇಳಿದೀನಿ ಎಂದು ನಾನು ಕೂಗಿದೆ. ಆಗ ನಗು ದೊಡ್ಡದಾಯಿತು.

"ಬೆಳಿಗ್ಗೆ ಬಂದು ಹೋಗ್ಬುಡ್ತಂತೆ," ಎಂದರು ಮಾವ. "ಬಸ್ಸೇನೋ ಮಾರಾಯ ಅದು?"

ಅಜ್ಜಿಯ ಮುಖ ಸಣ್ಣಗಾಯಿತು. ಹೂವನ್ನು ನೋಡಿದಳು, ಮಗನನ್ನು ನೋಡಿದಳು. ನಾನೇನಾದ್ರೂ ತಪ್ಪು ಮಾಡಿದ್ನೇನೋ ಎಂದು ಕೇಳಿದಳು. ಒಂದು ಮಾತು ಸಾಕಿತ್ತು. ನೀರು ಬಿದ್ದು ಒಡೆಯಿತು ಎಂದಿದ್ದರೆ ಮೇಜು ಉಳಿಯುತ್ತಿತ್ತೋ ಏನೋ. ಅಜ್ಜಯ್ಯ ಕಠಿಣರಾಗಿದ್ದರೂ ಅನ್ಯಾಯದವರಲ್ಲ. ಚಿಕ್ಕಪ್ಪ ಗಿಟಾರನ್ನು ಪಕ್ಕಕ್ಕಿಟ್ಟು ಸ್ವಿಚ್ಚು ಆರಿಸಿದ.

"ನಿಂದೇನೂ ಇಲ್ಲ ಕಣವ್ವ. ನನ್ ಪ್ಲಾನೇ ತಪ್ಪು. ಹೂವಿಡಕ್ಕೆ ಜಾಗನೇ ಮಾಡಿರ್ಲಿಲ್ಲ ನಾನು."

ಈ ಮಾತು ವರ್ಷಗಟ್ಟಲೆ ನಮ್ಮ ನೆಂಟರಲ್ಲಿ ಓಡಾಡಿತು. ಯಾರದಾದರೂ ಕೆಲಸ ಕೆಟ್ಟರೆ, ಹೂವಿಡಕ್ಕೆ ಜಾಗ ಇರ್ಲಿಲ್ವೇನೋ ಎಂದು ನಗುತ್ತಿದ್ದರು. ಚಿಕ್ಕಪ್ಪ ದೀಪಾವಳಿಗೂ ನಿಲ್ಲದೆ ಹೆತ್ತೂರಿಗೆ ಹೋದ. ಗಿಟಾರು ಅಟ್ಟ ಸೇರಿತು. ಮೇಜಿನ ಮೇಲೆ ಮತ್ತೆ ಕಾಫಿ ಬೀಜ ಆರಿಸತೊಡಗಿದರು. ಆದರೆ ಆ ವಾಲ್ವನ್ನು ಅಜ್ಜಿ ಬಿಡಲಿಲ್ಲ. ಸದ್ದು ಬರದಿದ್ದರೇನು, ವಿಭೂತಿ ಬಂದದ್ದನ್ನು ಕಣ್ಣಾರೆ ಕಂಡವಳು ಅವಳು. ಪೆಟ್ಟಿಗೆಯಿಂದ ಅದನ್ನು ಕೀಳಿಸಿ ದೇವರ ಗೂಡಿನಲ್ಲಿ, ಲಿಂಗದ ಕರಡಿಗೆಯ ಪಕ್ಕ ಇಟ್ಟಳು. ದಿನಾ ಅದಕ್ಕೂ ಒಂದು ಹೂವು. ನನ್ನ ಜೊತೆ ಹೈಸ್ಕೂಲಿನಲ್ಲಿದ್ದ ಸಕಲೇಶಪುರದ ಗೆಳತಿಯೊಬ್ಬಳು ಒಮ್ಮೆ ಮನೆಗೆ ಬಂದಾಗ ಅಜ್ಜಿ ಅವಳನ್ನು ಕೈಹಿಡಿದು ಕರೆದೊಯ್ದು ತೋರಿಸಿದಳು. ಅವಳ ತಂದೆಗೆ ರೇಡಿಯೋ ರಿಪೇರಿಯ ಅಂಗಡಿಯಿತ್ತು. ಅವಳು ವಾಲ್ವನ್ನು ನೋಡಿದಳು, ನನ್ನನ್ನು ನೋಡಿದಳು, ಕೈ ಮುಗಿದಳು. ನಕ್ಕುಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮರ್ಯಾದೆಯನ್ನು ತಡೆಯಲು ಆಗಲಿಲ್ಲ. ಅದಾದ ಮೇಲೆ ನಾನು ಯಾರನ್ನೂ ಮನೆಗೆ ಕರೆಯಲಿಲ್ಲ. ಸುಟ್ಟ ಬಲ್ಬಿಗೆ ಪೂಜೆ ಮಾಡುವ ಮನೆ, ಅಳಿಸುವ ಚಿಕ್ಕಪ್ಪ, ಇವೆರಡರಿಂದ ಆದಷ್ಟು ದೂರ ಹೋಗಬೇಕೆಂದೇ ನಾನು ಓದಿದೆ. ಹೋಗಿ ಸೇರಿದ್ದು ಮಾತ್ರ ತಂತಿ, ಬೆಸುಗೆ, ಸರ್ಕ್ಯೂಟುಗಳ ನಡುವೆಯೇ.

ಈಗ ನನ್ನ ಊಟದ ಮೇಜಿನ ಮೇಲೆ ಒಂದು ಪ್ಲಾನ್ ಇದೆ. ಚಿಕ್ಕಪ್ಪ ಹೆತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಆನೇಮಹಲ್‌ನ ಮನೆಯ ಮಾಡು ರಿಪೇರಿಯಾದಾಗ ಅಟ್ಟದಿಂದ ಇಳಿದ ಗಿಟಾರು ಅವನಿಗೆ ಹೋಯಿತು. ಹೊಸ ತಂತಿ ಹಾಕಿಸಿಕೊಂಡು ದಿನಾ ಮಧ್ಯಾಹ್ನ ನುಡಿಸುತ್ತಾನೆ, ಈಗ ಮರಕ್ಕೆ ತಾನೇ ಕಿವಿಯಿಟ್ಟು. ಕಳೆದ ಬೇಸಿಗೆಯಲ್ಲಿ ಅವನ ಮಗಳು ಫೋನ್ ಮಾಡಿ, ಅಪ್ಪಂಗೆ ಈಗ ಹಂಗೂ ಕೇಳ್ತಿಲ್ಲ ಅಕ್ಕ, ಸುಮ್ನೆ ಕೈಯಾಡಿಸ್ತಾ ಕೂತಿರ್ತಾರೆ ಎಂದಳು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ ತಂದುಕೊಡಬಹುದಿತ್ತು. ಆದರೆ ನಾನು ಆ ಬೆಳಿಗ್ಗೆ ಸ್ಟೋರಿನಲ್ಲಿ ಕೇಳಿದ್ದು ಗಾಜಿನ ಸ್ವರ, ಅವನ ಕಿವಿ ಪೂರ್ತಿ ಮುಚ್ಚುವ ಮೊದಲು ಅದೇ ಸ್ವರ ಅವನಿಗೆ ಕೇಳಬೇಕು. ಕೈಯಲ್ಲೇ ಒಂದೊಂದಾಗಿ ಕಟ್ಟುವ ಇಂಥವನ್ನು ಈಗಿನವರು ಬೂಟೀಕ್ ಆ್ಯಂಪ್ ಅನ್ನುತ್ತಾರಂತೆ, ಅದಕ್ಕೆ ಭಾರಿ ಮರ್ಯಾದೆಯಂತೆ. ವಾಲ್ವುಗಳು ಕೊರಿಯರಿನಲ್ಲಿ ಬರುತ್ತವೆ. ಆದರೂ ಸಾಮಾನು ತರಿಸುವ ಮೊದಲು ಪ್ಲಾನ್ ಆಗಬೇಕೆಂದು ನಾನು ಕೂತೆ. ಬರೆದೆ, ಅಳಿಸಿದೆ. ಸೊಸೆ ಕಾಫಿ ತಂದಿಟ್ಟು, ಏನತ್ತೆ ಮಾಡ್ತಿದೀರಾ ಎಂದು ಕೇಳಿದಾಗ ಕಾಗದದ ಮೇಲೆ ದಿನಪತ್ರಿಕೆ ಎಳೆದುಕೊಂಡು, ಏನಿಲ್ಲಮ್ಮ ಎಂದೆ. ಈ ವಯಸ್ಸಿನಲ್ಲೂ ಪ್ಲಾನ್ ಮಾಡ್ತಿದೀನಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪ್ಲಾನ್ ಚೆನ್ನಾಗಿ ಬಂತು, ಆ ಬಗ್ಗೆ ನನಗೆ ಸಂಶಯವಿರಲಿಲ್ಲ. ಎರಡು ಟ್ರಾನ್ಸ್‌ಫಾರ್ಮರುಗಳು ಒಂದಕ್ಕೊಂದು ಅಡ್ಡಲಾಗಿ, ವಾಲ್ವು ಕಾಯಿಸುವ ತಂತಿಗಳು ಜಡೆಯಂತೆ ಹೆಣೆದು ಮೂಲೆಗೆ, ಗಿಟಾರಿನ ಬಾಯಿ ಇನ್ನೊಂದು ತುದಿಗೆ. ವಾಲ್ವುಗಳ ಮೇಲೆ ಸುತ್ತಲೂ ಮುಚ್ಚುವ ಉಕ್ಕಿನ ಜಾಲರಿ, ನಾಲ್ಕು ಮೂಲೆಗೂ ಸ್ಕ್ರೂ. ಯಾರ ಕೈಯೂ ಒಳಗೆ ಹೋಗದು. ಅದನ್ನು ಮಡಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೆತ್ತೂರಿಗೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದ. ಕೈ ಈಗ ತುಂಬ ನಡುಗುತ್ತದೆ. ನುಡಿಸಲು ಕಷ್ಟವೇ ಎಂದು ಗಟ್ಟಿಯಾಗಿ ಕೇಳಿದೆ. ಈ ವಾದ್ಯಕ್ಕೆ ಕೈ ನಡುಗಲೇಬೇಕು, ಮೊದಲು ಬೇಕೆಂದು ನಡುಗಿಸುತ್ತಿದ್ದೆ, ಈಗ ಪುಕ್ಕಟೆ ಎಂದು ನಕ್ಕ. ಒಳಗೆ ಕೈಕಾಲು ತೊಳೆಯಲು ಹೋದಾಗ ದೇವರ ಗೂಡು ಕಂಡಿತು. ಅಜ್ಜಿಯ ನಂತರ ವಾಲ್ವು ಎಲ್ಲಿ ಹೋಯಿತೆಂದು ನಾನು ಎಂದೂ ವಿಚಾರಿಸಿರಲಿಲ್ಲ. ಲಿಂಗದ ಕರಡಿಗೆಯ ಪಕ್ಕದಲ್ಲಿ, ನೆತ್ತಿ ಬೆಳ್ಳಗಾದ ಆ ವಾಲ್ವು ನಿಂತಿತ್ತು. ಅದರ ಮೇಲೆ ಆ ದಿನದ ಹೂವು. ಅಪ್ಪನೇ ಇಡ್ತಾರೆ, ನಂಗೆ ಮುಟ್ಟಕ್ಕೆ ಬಿಡಲ್ಲ ಎಂದಳು ಅವನ ಮಗಳು.

ಜಗಲಿಗೆ ಬಂದು ಪ್ಲಾನ್ ಬಿಡಿಸಿ ಅವನ ತೊಡೆಯ ಮೇಲೆ ಹರಡಿದೆ. ಅವನು ಕನ್ನಡಕ ಏರಿಸಿ, ಬೆರಳನ್ನು ಗೆರೆಗಳ ಮೇಲೆ ಎಳೆಯುತ್ತ, ಅವಸರವಿಲ್ಲದೆ ನೋಡಿದ. ಟ್ರಾನ್ಸ್‌ಫಾರ್ಮರುಗಳ ಹತ್ತಿರ ನಿಂತು ತಲೆಯಾಡಿಸಿದ. ಹೆಣೆದ ತಂತಿಯನ್ನು ಮೆಚ್ಚಿದ. ನಾನು ಪರೀಕ್ಷೆಯ ಹುಡುಗಿಯಂತೆ ಕಾದೆ.

"ಎಲ್ಲಾ ಸರಿಯಾಗೈತೆ ಗಿರ್ಜಾ. ಹೂವೆಲ್ಲಿಡ್ತೀಯ?"

"ಜಾಲರಿ ಹಾಕಿದೀನಲ್ಲ ಚಿಕ್ಕಪ್ಪ. ಯಾರೂ ಮುಟ್ಟಕ್ಕಾಗಲ್ಲ."

"ಅದುಕ್ಕೇ ಕೇಳ್ದೆ."

ನನ್ನ ಕಿವಿಗಳು ಬಿಸಿಯಾದವು, ಹಿಂದೆ ಶಾಲೆಯಲ್ಲಿ ಆಗುತ್ತಿದ್ದಂತೆಯೇ. ಅಂದು ಅವನು ಅಜ್ಜಿಯನ್ನು ಉಳಿಸಲು ಸುಳ್ಳು ಹೇಳಿದನೆಂದು ನಾನು ಇಷ್ಟು ಕಾಲ ತಿಳಿದಿದ್ದೆ. ಅವನು ಹೇಳಿದ್ದು ನಿಜವನ್ನೇ; ಆ ಮನೆಯಲ್ಲಿ ಏನು ಕಟ್ಟಿದರೂ ಅದಕ್ಕೊಂದು ಹೂವು ಬರುತ್ತದೆಂದು ಗೊತ್ತಿದ್ದೂ ಅವನು ಅದನ್ನು ಮರೆತಿದ್ದ. ನಾನು ಮರೆತಿರಲಿಲ್ಲ. ನೆನಪಿಟ್ಟುಕೊಂಡೇ, ಹೂವು ಒಳಗೆ ಬರಬಾರದೆಂದೇ ಸ್ಕ್ರೂ ಹಾಕಿದ್ದೆ. ತಲೆಯೆತ್ತಲಾಗದೆ ಕೂತಿದ್ದಾಗ ಚಿಕ್ಕಪ್ಪ ಅಂಗಿಯ ಜೇಬಿನಿಂದ ಒಂದು ಮೋಟು ಪೆನ್ಸಿಲು ತೆಗೆದು, ನಡುಗುವ ಕೈಯಲ್ಲಿ ನನ್ನ ಮುಂದೆ ಹಿಡಿದ.

"ತಿದ್ದು. ಪ್ಲಾನ್ ತಾನೆ."